ಪುಸ್ತಕ ಮುಚ್ಚಿದೀಯೇನವ್ವಾ?

ಅಂತರಘಟ್ಟಮ್ಮನಿಗೆ ಅಕ್ಷರ ಗೊತ್ತಿರಲಿಲ್ಲ, ಕಾಳು ಗೊತ್ತಿತ್ತು. ಜಗಳೂರು ಸೀಮೆಯಲ್ಲಿ ಮೂವತ್ತು ವರ್ಷ ಕಂಡವರ ಹೊಲದ ಮೆಕ್ಕೆಜೋಳ ಬಿಡಿಸಿದ ಕೈ ಅದು. ಒಂದು ಮುಷ್ಟಿ ಹಿಡಿದರೆ ಸಾಕು, ಗಟ್ಟಿ ಎಷ್ಟು, ಜೊಳ್ಳು ಎಷ್ಟು ಎಂದು ಹೇಳಿಬಿಡುತ್ತಿದ್ದಳು. ಅಂಥವಳ ಮಗಳು ಮಮತಾ ಡಿಗ್ರಿ ಮುಗಿಸಿ ತಹಶೀಲ್ದಾರ್ ಆಗುತ್ತೇನೆಂದು ಹೊರಟಾಗ ಊರು ನಕ್ಕಿತು. ನಗಲಿ ಬಿಡಿ, ಮಡಕೆಯ ಬಾಯಿ ಮುಚ್ಚಬಹುದು, ಜನರ ಬಾಯಿ ಮುಚ್ಚುವುದಕ್ಕಾಗುತ್ತದೆಯೇ.

ತಾಯಿ ನಗಲಿಲ್ಲ. ಅವಳಿಗೆ ಬೇರೆಯದೇ ಚಿಂತೆ.

"ನೀನು ಚನ್ನಗಿರ್ಯಾಗೆ ರೂಮು ಮಾಡ್ಕೊಂಡು ಓದ್ತೀಯ. ಓದಿದ್ದು ತಲೆಗೆ ಇಳೀತೋ ಇಲ್ಲೋ ನನಗೆ ಹೆಂಗೆ ಗೊತ್ತಾಗ್ಬೇಕು?"

ಅದಕ್ಕೆ ದಾರಿಯನ್ನೂ ಅವಳೇ ಹುಡುಕಿದಳು. ದಿನಾ ಬೆಳಿಗ್ಗೆ ಕೂಲಿಗೆ ಹೋಗುವ ಮುಂಚೆ ಫೋನ್ ಮಾಡುವುದು. ಹಿಂದಿನ ದಿನ ಓದಿದ ಪಾಠವನ್ನು ಮಗಳು ಬಾಯಲ್ಲಿ ಒಪ್ಪಿಸುವುದು. ಎಲ್ಲಿಯೂ ತಡವರಿಸದೆ ಹೇಳಿದರೆ ಹಳೇ ಬಿಸ್ಕತ್ತಿನ ಡಬ್ಬಿಗೆ ಒಂದು ಮೆಕ್ಕೆಜೋಳದ ಕಾಳು. ತಡವರಿಸಿದರೆ ಕಾಳಿಲ್ಲ, ನಾಳೆ ಮತ್ತೆ ಅದೇ ಪಾಠ. ಸಂವಿಧಾನದ ವಿಧಿಗಳು, ಭೂಕಂದಾಯ ಕಾಯಿದೆ, ಇತಿಹಾಸ ಎಲ್ಲವನ್ನೂ ಆ ತಾಯಿ ಒಲೆ ಮುಂದೆ ಕೂತು ಕೇಳಿದಳು. ಅರ್ಥವಾಗದಿದ್ದರೂ ಮಾತು ಎಲ್ಲಿ ಮುಗ್ಗರಿಸಿತು ಎಂಬುದು ಅವಳ ಕಿವಿಗೆ ತಪ್ಪುತ್ತಿರಲಿಲ್ಲ. ಶುರು ಮಾಡುವ ಮುಂಚೆ ಮಾತ್ರ ದಿನಾ ಒಂದೇ ಪ್ರಶ್ನೆ: "ಪುಸ್ತಕ ಮುಚ್ಚಿದೀಯೇನವ್ವಾ?"

"ಮುಚ್ಚೀನವ್ವ."

ಮುಗಿದ ಮೇಲೆ ಫೋನಿನಲ್ಲಿ ಟಣ್ ಎಂದು ಸದ್ದು. ಆ ಸದ್ದು ಕೇಳಿದ ದಿನ ಮಮತಾಳಿಗೆ ಹೊಟ್ಟೆ ತುಂಬಿದಂತಿರುತ್ತಿತ್ತು.

ಆ ರೂಮಿನಲ್ಲಿ ಇನ್ನೊಂದು ಮಂಚವಿತ್ತು, ಪ್ರಮೀಳಾಳದು. ಸಂತೇಬೆನ್ನೂರಿನ ಅಡಿಕೆ ವ್ಯಾಪಾರದ ಮನೆಯವಳು, ಅದೇ ಪರೀಕ್ಷೆಗೆ ಓದುತ್ತಿದ್ದಳು. ಒಳ್ಳೆಯ ಹುಡುಗಿ, ಹಾಗೆಂದೇ ಮಮತಾ ತಿಳಿದಿದ್ದಳು. ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟಿದ್ದಾಳೆ, ನೋಟ್ಸು ಹಂಚಿಕೊಂಡಿದ್ದಾಳೆ. ಬೆಳಿಗ್ಗೆ ಟಣ್ ಎಂದಾಗ ಹೊದಿಕೆಯೊಳಗಿಂದಲೇ, "ಬಿತ್ತು ನೋಡೇ ನಿನ್ನ ಕೂಲಿ!" ಎಂದು ನಗುತ್ತಿದ್ದಳು. ಮಮತಾ ಅವಳಿಗೆ ಹೇಳದೆ ಉಳಿಸಿಕೊಂಡದ್ದು ಏನೂ ಇರಲಿಲ್ಲ.

ತಾಯಿಗೆ ಹೇಳದಿದ್ದದ್ದನ್ನೂ ಪ್ರಮೀಳಾ ಕಣ್ಣಾರೆ ಕಂಡಿದ್ದಳು. ರಾತ್ರಿ ಓದಲು ಮೈ ಬಾರದ ದಿನಗಳಿದ್ದವು. ಅಂಥ ಬೆಳಿಗ್ಗೆ ಫೋನ್ ಬಂದರೆ ಮಮತಾ "ಮುಚ್ಚೀನವ್ವ" ಎನ್ನುತ್ತಲೇ ತೊಡೆಯ ಮೇಲೆ ಪುಸ್ತಕ ಬಿಚ್ಚಿ, ನೋಡಿಕೊಂಡು ಸರಾಗವಾಗಿ ಓದಿಬಿಡುತ್ತಿದ್ದಳು. ಮೊದಲ ಸಲ ಹೆದರಿ ಹೆದರಿ ಓದಿದ್ದಳು. ಆಮೇಲೆ ಅದು ರೂಢಿಯಾಯಿತು. ಪ್ರಮೀಳಾ ಬಾಯಿಗೆ ದುಪ್ಪಟ ಒತ್ತಿಕೊಂಡು ನಗುತ್ತಿದ್ದಳು, ಅತ್ತ ಡಬ್ಬಿ ಟಣ್ ಎನ್ನುತ್ತಿತ್ತು.

ಪ್ರಮೀಳಾ ಪಾಸಾದಳು. ಮಮತಾ ನಾಲ್ಕು ಅಂಕ ಸಾಲದೆ ಹಿಂದೆ ಉಳಿದಳು.

ಆಗ ಅಂತರಘಟ್ಟಮ್ಮ ಮಗಳನ್ನು ಒಂದು ಮಾತೂ ಅನ್ನಲಿಲ್ಲ. "ನಂದೇ ತಪ್ಪು ಕಣವ್ವ. ಕೂಲಿ ಅವಸರದಾಗೆ ಕೆಲವು ದಿನ ಸರಿಯಾಗಿ ಕೇಳ್ಲಿಲ್ಲ, ಬೇಗ ಬೇಗ ಕಾಳು ಹಾಕಿಬಿಟ್ಟೆ," ಎಂದು ತನ್ನನ್ನೇ ಬೈದುಕೊಂಡಳು. ಒಂದು ವರ್ಷ ಪೂರ್ತಿ ಬೈದುಕೊಂಡಳು. ಮಮತಾ ಕೇಳಿಸಿಕೊಂಡು ಸುಮ್ಮನಿದ್ದಳು. ಮತ್ತೆ ಪರೀಕ್ಷೆ ಕಟ್ಟಿದಳು, ಈ ಸಲ ಪುಸ್ತಕ ನಿಜವಾಗಿಯೂ ಮುಚ್ಚಿದಳು. ಪರೀಕ್ಷೆಗೆ ಇನ್ನು ಆರು ವಾರ ಎನ್ನುವಾಗ ಊರಿಗೆ ಬಂದಿದ್ದಳು. ಅವತ್ತೇ ಪ್ರಮೀಳಾಳ ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ಪೋಸ್ಟರ್ ಕಾಣಿಸಿತು: ನ್ಯಾಮತಿಯ ಕೋಚಿಂಗ್ ಸೆಂಟರಿನವರಿಂದ ಸನ್ಮಾನ, "ಸಾಧನೆಯ ಗುಟ್ಟು" ಕುರಿತು ಮಾತು.

"ನಮ್ಮ ಪ್ರಮೀಳಂಗೆ ಸನ್ಮಾನ ಅಂದ್ರೆ ನಾವು ಹೋಗ್ದಿದ್ರೆ ಹೆಂಗೆ? ಕರೀದಿದ್ರೆ ಏನಾತು, ಕೆಲಸದ ಗಡಿಬಿಡ್ಯಾಗೆ ಮರ್ತಿರ್ತಾಳೆ," ಎಂದು ಅಂತರಘಟ್ಟಮ್ಮ ಶೇಂಗಾ ಉಂಡೆ ಕಟ್ಟಿ ಸ್ಟೀಲಿನ ಡಬ್ಬಿಗೆ ತುಂಬಿದಳು. ಮದುವೆ ಮುಂಜಿಗೆ ಮಾತ್ರ ಉಡುವ ಹಸಿರು ಸೀರೆ ಉಟ್ಟಳು. ಮೂರು ಬಸ್ಸು ಬದಲಾಯಿಸಿ ಇಬ್ಬರೂ ನ್ಯಾಮತಿ ಮುಟ್ಟಿದಾಗ ಹಾಲ್ ತುಂಬಿತ್ತು, ಹಿಂದುಗಡೆ ಜಾಗ ಸಿಕ್ಕಿತು.

ಸೆಂಟರಿನ ಮುಖ್ಯಸ್ಥ ಓಂಕಾರಪ್ಪ ಮೊದಲು ಮಾತಾಡಿದರು. ಗುರಿ ಮುಟ್ಟಲು ಛಲ ಬೇಕು, ಶಿಸ್ತು ಬೇಕು, ತಾಳ್ಮೆ ಬೇಕು ಎಂದು ಬೆರಳು ಮಡಚುತ್ತಾ ಹೋದರು. ಇವೆಲ್ಲ ಅವರ ಸೆಂಟರಿನಲ್ಲಿ ಫೀಸಿಗೆ ಸಿಗುತ್ತವೆ ಎಂಬಂತಿತ್ತು ಮಾತಿನ ಧಾಟಿ. ಆಮೇಲೆ ಪ್ರಮೀಳಾ ಮೈಕ್ ಹಿಡಿದಳು.

"ನನ್ನ ಗೆಲುವಿನ ಗುಟ್ಟು ಒಂದು ಡಬ್ಬಿ," ಎಂದಳು.

ಮಮತಾ ತಲೆಯೆತ್ತಿದಳು.

"ನಾನು ಚನ್ನಗಿರಿಯಲ್ಲಿ ಓದುವಾಗ ನನ್ನಮ್ಮ ದಿನಾ ಬೆಳಿಗ್ಗೆ ಫೋನ್ ಮಾಡೋರು. ಅವರಿಗೆ ಓದೋಕೆ ಬರಲ್ಲ. ನಾನು ತಡವರಿಸದೆ ಪಾಠ ಒಪ್ಪಿಸಿದರೆ ಡಬ್ಬಿಗೆ ಒಂದು ಕಾಳು ಹಾಕೋರು. ಟಣ್! ಆ ಸದ್ದೇ ನನಗೆ ಛಲ ಕಲಿಸಿದ್ದು."

ಚಪ್ಪಾಳೆ ಬಿತ್ತು. ಮಮತಾಳಿಗೆ ಕಿವಿ ಕಾದುಹೋಯಿತು. ಪಕ್ಕಕ್ಕೆ ತಿರುಗಿದರೆ ತಾಯಿಯ ಮುಖ ಅರಳಿತ್ತು. ಮೈಕಿನ ಗದ್ದಲದಲ್ಲಿ ಆ ಜೀವಕ್ಕೆ ಡಬ್ಬಿ ಎಂಬುದೊಂದು ಕೇಳಿಸಿತ್ತು, ಕಾಳು ಎಂಬುದು ಕೇಳಿಸಿತ್ತು. 'ನನ್ನಮ್ಮ' ಎಂದದ್ದು ಪ್ರೀತಿಗೆ ಅಂದದ್ದು ಎಂದುಕೊಂಡಿದ್ದಳು.

"ನಮ್ದೇ ಹೇಳ್ತಾ ಅದಾಳೆ ಕಣೇ! ನೋಡು, ಮರ್ತಿಲ್ಲ ಹುಡುಗಿ!"

"ಆ ಮಹಾತಾಯಿಗೆ ಈಗ ವೇದಿಕೆಯಲ್ಲಿ ಶಾಲು ಹೊದಿಸಿ ಗೌರವಿಸುತ್ತೇವೆ," ಎಂದು ಓಂಕಾರಪ್ಪ ಸಾರಿದರು.

ಅಂತರಘಟ್ಟಮ್ಮ ಉಂಡೆಯ ಡಬ್ಬಿಯನ್ನು ಮಗಳ ತೊಡೆಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಮಮತಾ ಕೈ ಹಿಡಿದು ಎಳೆಯುವಷ್ಟರಲ್ಲಿ ಎರಡು ಹೆಜ್ಜೆ ಹೋಗಿಯೂ ಆಗಿತ್ತು. ವೇದಿಕೆಯ ಮೇಲೆ ರೇಷ್ಮೆ ಸೀರೆಯ ಕಸ್ತೂರಮ್ಮ, ಪ್ರಮೀಳಾಳ ಹೆತ್ತ ತಾಯಿ, ಕುರ್ಚಿಯಿಂದ ಎದ್ದರು. ಅವರ ಹೆಗಲಿಗೆ ಶಾಲು ಬಿತ್ತು. ಹಿಂದಿನ ಸಾಲಿನವರು, "ಕೂತ್ಕಳಮ್ಮ, ಕಾಣಲ್ಲ," ಎಂದು ಗದರಿದರು.

ಅಂತರಘಟ್ಟಮ್ಮ ಕೂತಳು. ಇಷ್ಟಕ್ಕೇ ಮುಗಿದಿದ್ದರೆ ಮಮತಾ ಬರೀ ನೊಂದವಳಾಗಿ ಉಳಿಯುತ್ತಿದ್ದಳು. ಮುಗಿಯಲಿಲ್ಲ. ಜನ ಮೆಚ್ಚಿದ್ದು ಕಂಡು ಪ್ರಮೀಳಾಳಿಗೆ ಉಮೇದು ಬಂದಿತ್ತು.

"ಇನ್ನೊಂದು ತಮಾಷೆ ಹೇಳ್ಲಾ? ಅಮ್ಮ ದಿನಾ ಕೇಳೋರು, ಪುಸ್ತಕ ಮುಚ್ಚಿದೀಯಾ ಅಂತ. ಓದದೇ ಇದ್ದ ದಿನ ನಾನು ಮುಚ್ಚೀನಿ ಅಂತ ಹೇಳಿ, ಪುಸ್ತಕ ತೊಡೆ ಮೇಲೆ ಇಟ್ಕೊಂಡು ನೋಡ್ಕೊಂಡೇ ಓದಿಬಿಡ್ತಿದ್ದೆ! ಪಾಪ, ಫೋನಲ್ಲಿ ಅವರಿಗೇನು ಕಾಣುತ್ತೆ? ಟಣ್ ಅಂತ ಕಾಳು ಬೀಳೋದು!"

ಹಾಲಿಗೆ ಹಾಲೇ ನಕ್ಕಿತು. ಅಂತರಘಟ್ಟಮ್ಮ ನಿಧಾನಕ್ಕೆ ಮಗಳ ಕಡೆ ತಿರುಗಿದಳು. ಮಮತಾ ಸ್ಟೀಲ್ ಡಬ್ಬಿಯ ಮುಚ್ಚಳ ನೋಡುತ್ತಾ ಕೂತಳು. ಅಲ್ಲವ್ವ, ಅದು ಅವಳ ಕಥೆ, ನಾನು ಹಾಗೆ ಮಾಡಿಲ್ಲ ಎಂದುಬಿಡಬಹುದಿತ್ತು. ಬಾಯಿ ಬರಲಿಲ್ಲ. ಆ ತಾಯಿಗೆ ಅಷ್ಟು ಸಾಕಾಯಿತು.

ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಬಳಿ ಪ್ರಮೀಳಾ ಎದುರಾದಳು. ಮುಖದ ಬಣ್ಣ ಒಂದು ಗಳಿಗೆ ಹಾರಿತು, ಆಮೇಲೆ ಮಮತಾಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಬರ್ತೀನಿ ಅಂತ ಒಂದು ಮಾತು ಹೇಳಾಕೆ ಏನಾಗಿತ್ತೇ? ಬೇಜಾರಾಗ್ಬೇಡ. ಕಷ್ಟ ಪಟ್ಟಿದ್ದು ಹೇಳ್ರಿ, ಜನ ಅದನ್ನೇ ಕೇಳ್ತಾರೆ ಅಂದ್ರು ಓಂಕಾರಪ್ಪ ಸರ್. ನನಗೇನು ಕಷ್ಟ ಇತ್ತೇ ಹೇಳಾಕೆ? ಅಪ್ಪ ಕಾರಲ್ಲಿ ಬಿಟ್ಟು ಹೋಗ್ತಿದ್ರು."

"ನಂದೇ ಬೇಕಾಗಿತ್ತೇನೇ ನಿನಗೆ?" ಎಂದಳು ಮಮತಾ. "ನೌಕರಿ ಸಿಕ್ತು, ಹೆಸರು ಬಂತು. ನನ್ನವ್ವನ್ನೂ ಬಿಡ್ಲಿಲ್ಲಲ್ಲ."

ಅಷ್ಟರಲ್ಲಿ ಯಾರೋ ಸೆಲ್ಫಿಗೆ ಕರೆದರು, ಪ್ರಮೀಳಾ ಹೋದಳು. ಆ ಮಾತು ಕಿವಿಗೆ ಬಿದ್ದಿದ್ದ ಕಸ್ತೂರಮ್ಮ ಮಾತ್ರ ಶಾಲನ್ನು ಮಡಚುತ್ತಾ ಅಲ್ಲೇ ನಿಂತಿದ್ದರು.

"ನಾನು ಪೇಪರ್ ಓದ್ದೆ ಕಾಫಿ ಕುಡಿಯೋಳಲ್ಲ ಕಣ್ರೀ," ಎಂದರು, ಅಂತರಘಟ್ಟಮ್ಮನ ಮುಖ ನೋಡದೆ. "ಇವತ್ತು ಎಲ್ಲರ ಮುಂದೆ ನನ್ನನ್ನ ಹೆಬ್ಬೆಟ್ಟು ಮಾಡಿಬಿಟ್ಲು. ಈ ಶಾಲು ನಿಮ್ದು, ತಗೊಳ್ರಿ."

"ಬ್ಯಾಡ ತಾಯಿ, ನಾನೇನು ಓದ್ಸಿದಂಗಾತು," ಎಂದು ಅಂತರಘಟ್ಟಮ್ಮ ಉಂಡೆಯ ಡಬ್ಬಿಯನ್ನು ಅವರ ಕೈಗಿಟ್ಟಳು. "ಹುಡುಗಿಗೆ ಅಂತ ತಂದಿದ್ದೆ. ಕೊಡ್ರಿ."

ವಾಪಸು ಬಸ್ಸು ಹತ್ತಿದರು. ಹೊನ್ನಾಳಿಯಲ್ಲಿ ಅದು ನಿಂತು ಜನ ಇಳಿಯುವಾಗ ತಾಯಿ ಕಿಟಕಿಯ ಆಚೆ ನೋಡುತ್ತಲೇ ಕೇಳಿದಳು.

"ಜೊಳ್ಳು ಎಷ್ಟು?"

ಮಮತಾಳಿಗೆ ಕಣ್ಣು ತುಂಬಿತು. "ಲೆಕ್ಕ ಇಟ್ಟಿಲ್ಲವ್ವ."

"ನಾನು ಇಟ್ಟಿದ್ನಲ್ಲ," ಎಂದಳು ಅಂತರಘಟ್ಟಮ್ಮ. "ಒಂದು ವರ್ಷ ನನ್ನ ಕಿವೀನೇ ಬೈಕಂಡೆ. ಅವಾಗಾದ್ರೂ ಹೇಳ್ಬೌದಿತ್ತು ನೀನು."

ಪ್ರಮೀಳಾ ಮಾಡಿದ್ದನ್ನು ಅವಳು ಎತ್ತಲೇ ಇಲ್ಲ. ಅದೇ ಮಮತಾಳನ್ನು ಹೆಚ್ಚು ಸುಟ್ಟಿತು. ಗೆಳತಿ ಮಾಡಿದ ದ್ರೋಹವನ್ನು ಊರಿಗೆಲ್ಲ ಹೇಳಿಕೊಂಡು ಅಳಬಹುದು, ತಾನು ಮಾಡಿದ್ದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಎರಡು ದಿನದ ಮೇಲೆ ಮಮತಾ ಚನ್ನಗಿರಿಯ ರೂಮಿಗೆ ಮರಳಿದಳು. ಮರುದಿನ ಬೆಳಿಗ್ಗೆ ಫೋನ್ ಬರಲಿಲ್ಲ. ಅವಳೇ ಮಾಡಿದಳು. ತಾಯಿ ಎತ್ತಿದಳು, ಏನೂ ಕೇಳಲಿಲ್ಲ. ಮಮತಾ ಭೂಕಂದಾಯದ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಒಂದು ಕಡೆಯೂ ತಡವರಿಸದೆ ಒಪ್ಪಿಸಿ, ಸದ್ದಿಗಾಗಿ ಕಾದಳು.

ಸದ್ದಾಗಲಿಲ್ಲ.

"ಡಬ್ಬಿ ನಿನ್ನ ಚೀಲದಾಗೆ ಐತೆ ನೋಡವ್ವ, ಬಟ್ಟೆ ಕೆಳಗೆ," ಎಂದಳು ತಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ನು ನೀನೇ ಹಾಕ್ಕೋ. ನನಗೆ ಕೂಲಿಗೆ ಹೊತ್ತಾತು."

ಫೋನ್ ಕಟ್ಟಾಯಿತು. ಮಮತಾ ಚೀಲ ತೆಗೆದಳು. ಡಬ್ಬಿಯೊಳಗೆ ಹಳೆಯ ಕಾಳುಗಳೆಲ್ಲ ಹಾಗೆಯೇ ಇದ್ದವು, ಗಟ್ಟಿ ಯಾವುದು ಜೊಳ್ಳು ಯಾವುದು ಅವಳಿಗೆ ಗೊತ್ತಾಗಲಿಲ್ಲ. ಮಂಚದ ಮೇಲೆ ಪುಸ್ತಕ ಮುಚ್ಚಿಯೇ ಇತ್ತು. ಮುಚ್ಚಿದೀಯೇನವ್ವಾ ಎಂದು ಕೇಳುವವರು ಇರಲಿಲ್ಲ.