ಬಾಯಿ ಬಿಡಬಾರದ ಔಷಧಿ

ಚನ್ನಗಿರಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮತ್ತೆ ಅದನ್ನೇ ಕೇಳಿದರು, ಇಷ್ಟು ದಿನ ಏನು ಔಷಧಿ ತಗೊಳ್ಳುತ್ತಿದ್ದಿರಿ ಎಂದು. ಮಂಚದ ಮೇಲಿದ್ದ ಭೀಮಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು.

ಅವಳು ಕೆರೆಬಿಳಚಿಯಲ್ಲಿ ಅಡಿಕೆ ಸುಲಿಯುವ ಹೆಂಗಸು. ಎರಡು ವರ್ಷದ ಹಿಂದೆ ಬೆರಳ ಗೆಣ್ಣುಗಳೆಲ್ಲ ಊದಿ, ಕತ್ತಿಯ ಮುಂದೆ ಕೂತರೆ ಕಾಯಿ ಹಿಡಿಯಲಾಗುತ್ತಿರಲಿಲ್ಲ. ಕುಪ್ಪಸದ ಗುಂಡಿ ಹಾಕಲು, ಕಡೆಗೆ ತೊಳೆದುಕೊಳ್ಳಲು ಸಹ ಮಗಳು ಅಂಬಿಕಾ ಬೇಕಾಗಿದ್ದಳು. ಇದು ವಾಸಿಯಾಗುವ ಕಾಯಿಲೆಯಲ್ಲ, ಬದುಕಿರುವತನಕ ಮಾತ್ರೆ ನುಂಗಬೇಕು ಎಂದಿದ್ದರು ಆಗಿನ ಡಾಕ್ಟರು. ಜಗಳೂರು ಕಡೆಯ ಪಂಡಿತ ಹಾಗೆನ್ನಲಿಲ್ಲ. ಅವನು ಕೊಟ್ಟ ಕರಿ ಗುಳಿಗೆಗೆ ವಾರದೊಳಗೆ ಬೆರಳು ಮಡಚುವಂತಾದವು. ಪಥ್ಯ ಒಂದೇ: ಔಷಧಿಯ ಸುದ್ದಿ ಯಾರೆದುರೂ ಆಡಬಾರದು. ಆಡಿದರೆ ಗುಣ ಹೋಗಿ, ನೋವು ಮೊದಲಿಗಿಂತ ಜೋರಾಗಿ ಬರುತ್ತದೆ. ಅಂಬಿಕಾಗೂ ಅವಳು ಹೇಳಲಿಲ್ಲ. ಬರಬರುತ್ತ ಮುಖ ದುಂಡಗೆ ಊದಿಕೊಂಡಾಗ ಜೊತೆಗೆ ಸುಲಿಯುವವರು, ಅಳಿಯ ಚೆನ್ನಾಗಿ ತಿನ್ನಿಸ್ತಾನೆ ಬಿಡು ಎಂದು ಆಡಿಕೊಂಡಿದ್ದರು.

ಹೋದ ವಾರ ಗುಳಿಗೆ ಮುಗಿಯಿತು. ಪಂಡಿತ ಊರಲ್ಲಿರಲಿಲ್ಲ. ವಾಂತಿ, ಸುಸ್ತು ಶುರುವಾಗಿ, ಇವತ್ತು ಅಂಗಳದಲ್ಲಿ ಕುಸಿದು ಬಿದ್ದಿದ್ದಳು.

ಬಿಪಿ ಇಳಿಯುತ್ತಲೇ ಇದೆ, ಕಾರಣ ತಿಳಿಯದಿದ್ದರೆ ಕಷ್ಟ ಎಂದರು ಡಾಕ್ಟರಮ್ಮ. ಅಂಬಿಕಾ ಬಗ್ಗಿ ತಾಯಿಯ ಕಿವಿಯ ಹತ್ತಿರ ಬಂದಳು.

"ಏನೋ ಮುಚ್ಚಿಡ್ತಿದ್ದೀಯ. ಹೇಳವ್ವ."

"ಹೇಳಿದ್ರೆ ಕೈ ಹೋಗ್ತಾವೆ."

"ಹೋದ್ರೆ ಹೋಗ್ಲಿ. ಆಗ ತೊಳೀಲಿಲ್ವಾ ನಾನು? ಈಗ್ಲೂ ತೊಳೀತೀನಿ."

ಭೀಮಕ್ಕನಿಗೆ ಇದ್ದ ಭಯವೇ ಅದು. ಮಗಳು ಒಂದು ಸಲವೂ ಮುಖ ಸಿಂಡರಿಸಿರಲಿಲ್ಲ. ಸಿಂಡರಿಸಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಅವಳು ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡಳು. ಅಂಬಿಕಾಳ ಕಣ್ಣೀರು ತನ್ನ ಕೆನ್ನೆಯ ಮೇಲೆ ಬಿದ್ದಾಗ ಭೀಮಕ್ಕ ಕಣ್ಣು ಮುಚ್ಚಿಕೊಂಡು, ಪಂಡಿತನ ಗುಳಿಗೆಯ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಡಾಕ್ಟರಮ್ಮ ಕೂಡಲೇ ನರ್ಸಿಗೆ ಇಂಜೆಕ್ಷನ್ ತರಲು ಹೇಳಿದರು. ಅಂಥ ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ, ಏಕಾಏಕಿ ನಿಂತರೆ ಜೀವಕ್ಕೇ ಅಪಾಯ, ಇನ್ನು ಮೆಲ್ಲಗೆ ಇಳಿಸಬೇಕು ಎಂದರು. ಬೇರೆ ಮಾತ್ರೆ ನಾಟುವತನಕ ಕೈನೋವು ಮರಳಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ಭೀಮಕ್ಕ ಮಗಳ ಕಡೆ ತಿರುಗಿದಳು.

"ನೋಡಿದ್ಯಾ? ಬಾಯಿ ಬಿಟ್ಟಿದ್ದೇ ತಡ, ನೋವು ಬರಾಕೆ ಹೊಂಟೈತೆ."