ಎಡಗೈಯ ಬ್ರೇಕು

ಸ್ಕೂಟರನ್ನು ಗೇಟಿನಿಂದ ಹೊರಗೆ ತಳ್ಳುತ್ತಾ ರಾಮದಾಸ ಎಡಗೈಯ ಬ್ರೇಕು ಹಿಡಿದ. ಹಿಂದಿನ ಚಕ್ರ ನಿಂತಿತು. ಕೈ ಹಿಡಿದಲ್ಲೇ ಉಳಿಯಿತು.

ಎಡಗೈಗೆ ಹಿಂದಿನ ಚಕ್ರ, ಬಲಗೈಗೆ ಮುಂದಿನದು. ಸೈಕಲ್ಲಿಗೂ ಹಾಗೇ. ಆದರೆ ನಿನ್ನೆ ಸಂಜೆ ಮಗಳ ಸೈಕಲ್ಲಿಗೆ ಅವನು ಹೊಸ ಕೇಬಲ್ ಎಳೆದದ್ದು ಅದನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು. ಈಗ ಕಣ್ಣು ಮುಚ್ಚಿ ಆ ಸೈಕಲ್ಲನ್ನು ಮನಸ್ಸಿನಲ್ಲೇ ಮಗುಚಿದ. ಎಡ ಇದ್ದದ್ದು ಬಲಕ್ಕೆ ಬಂತು. ಇನ್ನೊಮ್ಮೆ ಮಗುಚಿ ನೋಡಿದ. ಸಂಶಯವಿರಲಿಲ್ಲ, ಕೇಬಲ್ಲುಗಳು ಅದಲುಬದಲಾಗಿದ್ದವು.

ಮಗಳು ಕೃಪಾ ಟ್ಯೂಶನ್ನಿಗೆ ಹೊರಟು ಹತ್ತು ನಿಮಿಷವಾಗಿತ್ತು. ಉಳ್ಳೂರಿನ ಈ ಓಣಿ ಮುಖ್ಯರಸ್ತೆಗೆ ಸೇರುವಲ್ಲಿ ಕಡಿದಾದ ಇಳಿಜಾರು, ಇಳಿದಲ್ಲೇ ಬಸ್ಸುಗಳು. ಬಲಗೈಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಾ, ಎಡಗೈ ಒಂದರಲ್ಲೇ ಬ್ರೇಕು ಒತ್ತಿ ಅವಳು ಅಲ್ಲಿ ಇಳಿಯುವುದನ್ನು ಬಾಲ್ಕನಿಯಿಂದ ಎಷ್ಟೋ ಸಲ ನೋಡಿದ್ದ. ಇವತ್ತು ಹಾಗೆ ಒತ್ತಿದರೆ ಮುಂದಿನ ಚಕ್ರ ಗಕ್ಕನೆ ನಿಂತು ಸೈಕಲ್ ಪಲ್ಟಿಯಾಗುತ್ತದೆ. ಚೆನ್ನಾಗಿ ಹಿಡಿಯಲೆಂದು ಹೊಸ ರಬ್ಬರ್ ಬೇರೆ ಹಾಕಿದ್ದ.

ಅವಳಿಗೆ ಹೇಳಿರಲಿಲ್ಲ. ಅವರಿಬ್ಬರಲ್ಲಿ ಮಾತು ನಿಂತು ಹನ್ನೊಂದು ದಿನವಾಗಿತ್ತು. ಮೇಲಿನ ಫ್ಲ್ಯಾಟಿನ ಚಿರಾಗ್ ಹಾಸ್ಟೆಲಿಗೆ ಹೋಗುವಾಗ ಮಾರಿದ ಸೈಕಲ್ಲನ್ನು ಅವಳು ಯಾರನ್ನೂ ಕೇಳದೆ ಕೊಂಡಿದ್ದಳು. ಚಕ್ರ ಓಲಾಡುತ್ತಿತ್ತು, ರಿಮ್ಮು ಬ್ರೇಕಿಗೆ ಉಜ್ಜಿ ಕಿರುಗುಟ್ಟುತ್ತಿತ್ತು.

"ಗುಜರಿಗೆ ಹಾಕುವಂಥದ್ದನ್ನು ತಂದಿದ್ದೀಯಲ್ಲ, ತಲೆ ಉಂಟಾ ನಿನಗೆ?" ಎಂದಿದ್ದ, ಅವಳ ಗೆಳತಿಯರ ಎದುರಿಗೇ.

"ಎಂಡೆ ಸೈಕಿಳಲ್ಲೇ," ಎಂದಿದ್ದಳು ಅವಳು, ಈ ಊರಿನ ಮಲಯಾಳದಲ್ಲಿ. ನನ್ನ ಸೈಕಲ್ ತಾನೇ. ಆಮೇಲೆ ಮಾತು ಮಲಯಾಳದಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ.

ನಿನ್ನೆ ಅವಳು ಮನೆಯಲ್ಲಿಲ್ಲದಾಗ ರಿಮ್ಮಿನ ಪಕ್ಕ ಚಾಕ್ ಹಿಡಿದು ಚಕ್ರ ತಿರುಗಿಸಿದ್ದ. ಗುರುತು ಬಿದ್ದಲ್ಲೆಲ್ಲ ಕಡ್ಡಿಗಳನ್ನು ಕಾಲು ಕಾಲು ಸುತ್ತು ಬಿಗಿದು, ಸಡಿಲಿಸಿ, ನೆಟ್ಟಗಾಗುವವರೆಗೆ ಕೂತಿದ್ದ. ತಾನಾಗಿ ಹೇಳುವುದು ಬೇಡ, ಅವಳೇ ಗಮನಿಸಲಿ ಎಂದುಕೊಂಡಿದ್ದ.

ಈಗ ಅವಳಿಗೆ ಫೋನ್ ಮಾಡಿದ. ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಇವನದನ್ನು ಅವಳು ಎತ್ತುವುದಿಲ್ಲವೆಂದು, ಕೊಚ್ಚಿಯ ಬ್ಯಾಂಕಿನಲ್ಲಿದ್ದು ಶನಿವಾರವಷ್ಟೇ ಮನೆಗೆ ಬರುವ ಹೆಂಡತಿ ಚಂದ್ರಾವತಿಗೆ ವಿಷಯ ಹೇಳಿ ನೀನು ಮಾಡು ಎಂದ. ಎರಡು ನಿಮಿಷದಲ್ಲಿ ಚಂದ್ರಾವತಿ ತಿರುಗಿ ಮಾಡಿದಳು.

"ನನ್ನದೂ ಎತ್ತುವುದಿಲ್ಲ," ಎಂದಳು. "ರಿಪೇರಿ ಮಾಡಿದ್ದೇನೆ ಅಂತ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು ಮಾರಾಯ್ರೆ?"

ಸ್ಕೂಟರ್ ಹತ್ತಿದ.

ಇಳಿಜಾರಿನಲ್ಲಿ ನೆಲ ನೋಡುತ್ತಲೇ ಇಳಿದ. ಒಡೆದ ಗಾಜಿನ ಚೂರು. ಒಂಟಿ ಚಪ್ಪಲಿ, ಅವಳದಲ್ಲ, ಹಳೆಯದು. ಮೆಡಿಕಲ್ ಕಾಲೇಜಿನ ಕಡೆಗೆ ಆಂಬುಲೆನ್ಸ್ ಒಂದು ಕೂಗುತ್ತಾ ಹೋಯಿತು. ಈ ಊರಿಗೆ ಬಂದ ಮೇಲೆ ದಿನಕ್ಕೆ ಹತ್ತು ಸಲ ಕೇಳಿ, ಕೇಳುವುದನ್ನೇ ಬಿಟ್ಟಿದ್ದ ಸದ್ದು.

ತಿರುವಿನ ಚಹಾದಂಗಡಿಯವನನ್ನು, ಸೈಕಲ್ಲಿನಿಂದ ಹುಡುಗಿಯೊಬ್ಬಳು ಬಿದ್ದಳೇ ಎಂದು ಕೇಳಿದ. ಅವನು ಹಾಲು ಎತ್ತಿ ಹೊಯ್ಯುತ್ತಲೇ ಇದ್ದ.

"ಇವತ್ತು ಯಾರೂ ಬಿದ್ದಿಲ್ಲ ಸಾರ್. ಇನ್ನೂ ಏಳೂವರೆ ತಾನೇ."

ಟ್ಯೂಶನ್ ಮನೆಯಿದ್ದ ಪಟ್ಟಂವರೆಗೂ ಎದುರಾದ ಪ್ರತಿ ಸೈಕಲ್ಲನ್ನೂ ಅವನು ನೋಡಿದ.

ಟ್ಯೂಶನ್ ಮನೆಯ ಅಂಗಳದಲ್ಲಿ ಏಳೆಂಟು ಸೈಕಲ್ಲುಗಳಿದ್ದವು. ಅವಳದು ಕೊನೆಯದು, ಗೋಡೆಗೆ ಒರಗಿತ್ತು. ಹಿಂದಿನ ಚಕ್ರಕ್ಕೆ ಬೀಗ. ಒಳಗೆ ಮಕ್ಕಳು ಒಟ್ಟಾಗಿ ಏನೋ ಸೂತ್ರ ಹೇಳುತ್ತಿದ್ದರು. ಅಷ್ಟು ದನಿಗಳ ನಡುವೆ ಅವಳದೊಂದನ್ನು ಹುಡುಕಿದ. ಸಿಕ್ಕಿತು.

ಸೈಕಲ್ಲಿನ ಎಡಗೈಯ ಬ್ರೇಕಿಗೆ ಕಪ್ಪು ಹೇರ್‌ಬ್ಯಾಂಡ್ ಸುತ್ತಿದ್ದಳು. ಮರೆತು ಒತ್ತಹೋದರೆ ಬೆರಳಿಗೆ ತಾಗುವ ಹಾಗೆ, ಬಿಗಿಯಾಗಿ, ಮೂರು ಸುತ್ತು. ಅದರಲ್ಲಿ ಒಂದು ಉದ್ದ ಕೂದಲು ಸಿಕ್ಕಿಕೊಂಡಿತ್ತು.

ಬಿಚ್ಚಲು ಹೋದ ಕೈಯನ್ನು ಅವನು ಹಿಂದೆ ತೆಗೆದ. ಹ್ಯಾಂಡಲ್ ಹಿಡಿದು ಸೈಕಲ್ಲಿನ ಮುಂಭಾಗವನ್ನು ಸ್ವಲ್ಪ ಎತ್ತಿ, ಬೆರಳ ತುದಿಯಿಂದ ಚಕ್ರ ತಿರುಗಿಸಿದ. ಎರಡು ರಬ್ಬರುಗಳ ನಡುವೆ ಯಾವುದಕ್ಕೂ ತಾಗದೆ ಅದು ಸದ್ದಿಲ್ಲದೆ ಸುತ್ತಿತು. ತಾನಾಗಿ ನಿಲ್ಲುವವರೆಗೂ ಅವನು ಎತ್ತಿ ಹಿಡಿದೇ ನಿಂತಿದ್ದ.