ಸೂಗಮ್ಮ ಅಳಲಿಲ್ಲ

"ಸೂಗವ್ವ ಬಂದ್ಳು, ದಾರಿ ಬಿಡ್ರಿ," ಎಂದು ಹಣಮಮ್ಮ ಅಂದದ್ದೇ ತಡ, ಹೆಣದ ಸುತ್ತ ಕೂತಿದ್ದ ಹೆಂಗಸರೆಲ್ಲ ಸರಿದು ಜಾಗ ಮಾಡಿದರು. ಶೇಖಮ್ಮನನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆ ತುಂಬ ವಿಭೂತಿ ಬಳಿದಿದ್ದರು. ಸಿರವಾರದಿಂದ ತಂಗಿ ಬರಲಿ, ಅವಳು ದನಿ ತೆಗೆದ ಮೇಲೆ ತಾವೂ ದನಿಗೂಡಿಸೋಣ ಎಂದು ಎಲ್ಲರೂ ಕಾಯುತ್ತಿದ್ದರು. ಅಕ್ಕನ ಊರಾದ ಈ ಹಿರೇಕೊಟ್ನೆಕಲ್ಲಿನಲ್ಲಿ ಯಾರೇ ಸತ್ತರೂ, ಅವರ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿಕೊಂಡು ಅಳುವುದರಲ್ಲಿ ಸೂಗಮ್ಮನನ್ನು ಮೀರಿಸಿದವರಿರಲಿಲ್ಲ.

ಸೂಗಮ್ಮ ಅಕ್ಕನ ಕೈ ಹಿಡಿದು ಕೂತಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಸಂಕಟ ಇತ್ತು, ಇಲ್ಲವೆನ್ನುವಂತಿಲ್ಲ. ಆದರೆ ಪಕ್ಕದ ಮನೆಯಲ್ಲಿ ಯಾರೋ ಅಳುತ್ತಿರುವ ಹಾಗೆ ದೂರದಲ್ಲಿತ್ತು.

"ಒಡಹುಟ್ಟಿದಾಕಿಗೇ ಒಂದ್ ಹನಿ ಕಣ್ಣೀರಿಲ್ಲ ನೋಡ್ರಿ," ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಸೂಗಮ್ಮನಿಗೆ ನಾಚಿಕೆಯಾಯಿತು. ಆ ನಾಚಿಕೆಗೂ ಅಳು ಬರಲಿಲ್ಲ.

ಹೋದ ವರ್ಷ ಇದೇ ಸೂಗಮ್ಮ ರೊಟ್ಟಿ ಬಡಿಯುತ್ತ ಸುಮ್ಮಸುಮ್ಮನೆ ಅಳುತ್ತಿದ್ದಳು. ಕಣ್ಣೀರು ಜೋಳದ ಹಿಟ್ಟಿಗೇ ಬೀಳುತ್ತಿತ್ತು. ಕಾರಣ ಕೇಳಿದರೆ ಅವಳಿಗೇ ಗೊತ್ತಿಲ್ಲ. ಕೊನೆಗೆ ಹಾಸಿಗೆ ಬಿಟ್ಟು ಏಳುವುದೂ ನಿಂತಿತು. ಗಂಡ ವಿರೂಪಣ್ಣ ದೇವರಲ್ಲಿ ಕೇಳಿಸಿದ, ತಾಯಿತ ಕಟ್ಟಿಸಿದ. ದವಾಖಾನೆಗೆ ಕರೆದೊಯ್ದವಳು ಅಕ್ಕ. ಮಾನ್ವಿಯಲ್ಲಿ ಕೊಟ್ಟ ಗುಳಿಗೆಗೆ ಬಾಯೆಲ್ಲ ಒಣಗಿತು, ಹಗಲೆಲ್ಲ ತೂಕಡಿಕೆ. ರಾಯಚೂರಿನ ಡಾಕ್ಟರಮ್ಮ ಅದನ್ನು ಬದಲಿಸಿ ಬೇರೆ ಜಾತಿಯದನ್ನು ಬರೆದುಕೊಟ್ಟರು. ಮೊದಮೊದಲು ಹೊಟ್ಟೆ ತೊಳಸಿದರೂ ಆಮೇಲೆ ಸೂಗಮ್ಮ ಎದ್ದಳು, ಉಂಡಳು, ನಕ್ಕಳು.

"ನೀವಾಗೇ ಬಿಡಬ್ಯಾಡ್ರಿ. ಏನರ ಫರಕ್ ಕಂಡ್ರ ಬಂದು ಹೇಳ್ರಿ," ಎಂದಿದ್ದರು ಡಾಕ್ಟರಮ್ಮ. ವಾಪಸು ಬರುವಾಗ ಬಸ್ಸಿನಲ್ಲೇ ಅಕ್ಕ ತನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಳು. ಅಳು ನಿಂತದ್ದನ್ನು ಯಾರಾದರೂ ಫರಕೆಂದು ಹೇಳುವುದುಂಟೇ? ಮನೆಯವರು ಅದಕ್ಕೆಂದೇ ದೇವರಿಗೆ ಕಾಯಿ ಒಡೆಸಿದ್ದರು.

ಮಣ್ಣು ಮಾಡಿ ಬಂದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಸೂಗಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಚೀಲದಿಂದ ಗುಳಿಗೆ ತೆಗೆದಳು. ಅಕ್ಕನ ಮಗಳು ಸ್ವಪ್ನಾ ಎದುರು ಬಂದು ನಿಂತಳು. ಅತ್ತೂ ಅತ್ತೂ ಅವಳ ಕಣ್ಣು ಊದಿದ್ದವು.

"ನಮ್ಮವ್ವ ನಿನಗೇನು ಮಾಡಿದ್ಳು ಚಿಗವ್ವಾ? ಕಂಡೋರ ಮನ್ಯಾಗೆಲ್ಲ ಹಾಡ್ಯಾಡಿ ಅಳ್ತಿದ್ದಿ."

"ಅಳಬೇಕಂತ ಮಾಡ್ತೀನಿ ಬೇ, ಬರವಲ್ದು. ಈ ಗುಳಿಗಿಗೆ ಹಿಂಗಾಗೇದೋ, ನನ್ನ ಎದಿನೇ ಕಲ್ಲಾಗೇದೋ, ನನಗ ತಿಳಿವಲ್ದು."

"ಹಂಗಾರ ಬಿಸಾಕದನ್ನ! ಅವ್ವನ ಸಲುವಾಗಿ ಅಷ್ಟೂ ಮಾಡಂಗಿಲ್ಲೇನು?"

"ಬಿಡಂಗಿಲ್ಲಂತ ನಿಮ್ಮವ್ವನ ತಲಿ ಮುಟ್ಟೇ ಆಣಿ ಮಾಡೀನಿ. ಬಿಟ್ಟು ಅಳಲೋ, ನುಂಗಿ ಸುಮ್ಕಿರಲೋ? ಆಕಿನ್ನ ಕೇಳೋಣಂದ್ರ ಆಕಿನೇ ಇಲ್ಲ."

ಸ್ವಪ್ನಾ ಒಳಗೆ ಹೋದಳು. ಅಂಗೈಯಲ್ಲಿದ್ದ ಗುಳಿಗೆಯನ್ನೇ ನೋಡುತ್ತ ಸೂಗಮ್ಮ ಕೂತಳು. ಬಿಟ್ಟರೆ ಕಣ್ಣೀರೇನೋ ಬಂದೀತು. ಅದು ಅಕ್ಕನಿಗೆಂದು ಬಂದದ್ದೋ, ಹಳೆಯ ರೋಗದ್ದೋ ಎಂದು ಗುರುತಿಸುವುದು ಹೇಗೆ?

ಸ್ವಪ್ನಾ ತಾಯಿಯ ತಾಮ್ರದ ಲೋಟದಲ್ಲಿ ನೀರು ತಂದು ಮುಂದೆ ಹಿಡಿದಳು.

"ತಗೋ. ನಾಕು ದಿನ ಕಳದು ರಾಯಚೂರಿಗೆ ನಾ ಕರಕೊಂಡು ಹೋಗ್ತೀನಿ. ಡಾಕ್ಟರಮ್ಮಗ ಇದನ್ನೂ ಹೇಳೋಣ."

ಸೂಗಮ್ಮ ನುಂಗಿದಳು. ಸ್ವಪ್ನಾ ಪಕ್ಕದಲ್ಲಿ ಕೂತು ಅವಳ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಳು ಇಳಿಯುವವರೆಗೂ ಸೂಗಮ್ಮ ಅವಳ ಬೆನ್ನು ಸವರುತ್ತಿದ್ದಳು. ಸೆರಗೆಲ್ಲ ತೊಯ್ದಿತ್ತು. ಆ ಒದ್ದೆ ಸೆರಗಿನ ತುದಿಯನ್ನೆತ್ತಿ ಸೂಗಮ್ಮ ತನ್ನ ಒಣ ಕಣ್ಣುಗಳಿಗೆ ಒತ್ತಿಕೊಂಡಳು.